ತೆರಿಗೆಗೊಬ್ಬಳು ಮಗಳು

ಹಲಸೂರು, ಬೆಂಗಳೂರು
12 ಜೂನ್ 2022

ಪ್ರೇಮಕ್ಕನಿಗೆ ಜೈಭೀಮ್.

ಮನೆ ಸಿಕ್ಕಿತು ಅಕ್ಕಾ! ಫೋನಿನಲ್ಲಿ ಕೂಗಿ ಹೇಳೋಣವೆಂದರೆ ನಿನಗೆ ಕೇಳುವುದಿಲ್ಲ. ನಿನ್ನ ಕಿವಿ ತಿಂದ ಆ ಕಲ್ಲು ಪಾಲಿಶ್ ಮೆಷಿನ್ನಿಗೆ ನನ್ನ ಶಾಪ ತಟ್ಟಲಿ. ಅದಕ್ಕೇ ಪತ್ರ.

ಹಲಸೂರಿನ ಹಳೇ ಬೀದಿ, ಮೊದಲನೇ ಮಹಡಿ. ಒಂದು ಹಾಲ್, ಒಂದು ರೂಮು, ಅಡುಗೆಮನೆ. ಬಟ್ಟೆ ಒಣಗಿಸಲು ಕೈಯಗಲದ ಜಾಗ. ನಾನು ಕೆಲಸ ಮಾಡುವ ಕ್ಲಿನಿಕ್ ದೊಮ್ಮಲೂರಿನಲ್ಲಿ, ಒಂದೇ ಬಸ್ಸು. ಲೀಸಿಗೆ ಕೊಟ್ಟಿದ್ದಾರೆ. ಲೀಸು ಅಂದರೆ ಗೊತ್ತಲ್ಲ, ಇಡುಗಂಟು ಒಮ್ಮೆಲೇ ಕೊಡಬೇಕು, ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ಹಣ ವಾಪಸ್. ಒಂಬತ್ತು ಲಕ್ಷ. ನನ್ನ ಜೀವನಾಂಶದ ಹಣ, ನೀನು ಹಿತ್ತಲು ಮಾರಿ ಕೊಟ್ಟದ್ದು, ಎಲ್ಲ ಸೇರಿ ಅಷ್ಟಕ್ಕಷ್ಟೇ ಆಯಿತು. ಇದೇ ದುಡ್ಡಿಗೆ ಇಂದಿರಾನಗರದಲ್ಲಿ ಕಾರು ನಿಲ್ಲಿಸುವ ಶೆಡ್ಡೂ ಸಿಗುವುದಿಲ್ಲವಂತೆ. ಕೆ.ಆರ್. ಪುರದ ಆಚೆ ಎರಡು ರೂಮು ಸಿಗುತ್ತದೆ, ಆದರೆ ನೀರಿಗೆ ಟ್ಯಾಂಕರ್ ದಾರಿ ಕಾಯಬೇಕು.

ಓನರ್ ಶ್ರೀರಾಮಪ್ಪನವರು, ಅವರ ಹೆಂಡತಿ ಮುನಿಲಕ್ಷ್ಮಮ್ಮ ಕೆಳಗಿನ ಮನೆಯಲ್ಲಿದ್ದಾರೆ. ಒಬ್ಬಳೇ ಮಗಳು ಮೋನಿಷಾ, ಮದುವೆಯಾಗಿ ಮಹದೇವಪುರದಲ್ಲಿದ್ದಾಳೆ. ಬುದ್ಧನ ನೆನಪಿಗೆ ಅಪ್ಪ ನನಗಿಟ್ಟ ಹೆಸರು ಕೇಳಿಯೇ ಮೂರು ಮನೆಯವರು ‘ಈಗಷ್ಟೇ ಬೇರೆಯವ್ರಿಗೆ ಕೊಟ್ಬಿಟ್ವಿ’ ಅಂದಿದ್ದರು. ಇವರು ಏನೂ ಕೇಳಲಿಲ್ಲ. ಮುನಿಲಕ್ಷ್ಮಮ್ಮ ‘ಒಬ್ಳೇ ಏನಮ್ಮ? ಊಟ ಆಯ್ತಾ?’ ಅಂದರು. ಅಷ್ಟೇ. ನನಗೆ ಕಣ್ಣು ತುಂಬಿ ಬಂತು.

ನೀನು ಬಂದುಬಿಡು ಅಕ್ಕಾ. ಇಬ್ಬರಿಗೆ ಧಾರಾಳವಾಯಿತು. ನನ್ನನ್ನು ಹೊತ್ತು ಬೆಳೆಸಿದವಳು ನೀನು, ಇನ್ನಾದರೂ ಕೂತು ಉಣ್ಣು.

ನಿನ್ನ ಗೌತಮಿ


ಶಹಾಬಾದ್
3 ಜುಲೈ 2022

ತಂಗಿ ಗೌತಮಿಗೆ ಜೈಭೀಮ್.

ಪತ್ರ ಮುಟ್ಟಿತು. ಸಂತೋಷ ಆಯಿತು, ಸಿಟ್ಟೂ ಬಂತು. ಒಂಬತ್ತು ಲಕ್ಷಕ್ಕೆ ಬಟ್ಟೆ ಒಣಗಿಸುವಷ್ಟು ಜಾಗ! ನಮ್ಮ ಓಣಿಯಲ್ಲಿ ಆ ದುಡ್ಡಿಗೆ ಗೋಡೆ, ಮಾಳಿಗೆ, ಬಾಗಿಲು ಎಲ್ಲ ಸೇರಿ ಮನೆಯೇ ನಿನ್ನ ಹೆಸರಿಗೆ ಬರುತ್ತದೆ. ಅಲ್ಲಿ ಮೂರು ವರ್ಷ ತಲೆ ಇಟ್ಟು ಏಳಬೇಕು, ಅಷ್ಟೇ. ನಮ್ಮದು ನಾಲ್ಕು ಖೋಲಿ, ಕೆಳಗೂ ಫರಸಿ ಕಲ್ಲು, ಮೇಲೂ ಫರಸಿ ಕಲ್ಲು, ಅಪ್ಪ ಖಣಿಯಲ್ಲಿ ಬೆನ್ನು ಮುರಿದುಕೊಂಡು ಕಟ್ಟಿಸಿದ್ದು. ಅದಕ್ಕೆ ನಾನು ನಗರಸಭೆಗೆ ಕಟ್ಟುವ ವರ್ಷದ ತೆರಿಗೆ ಒಂದು ಸುಮಾರಾದ ಸೀರೆಯ ಬೆಲೆ. ಪಾವತಿ ಕೊಡುವ ಹುಡುಗಿ ‘ಇಷ್ಟs ರೀ’ ಅಂತ ನಗುತ್ತಾಳೆ.

ನಾನು ಬರುತ್ತೇನೆ. ಈಗಲ್ಲ. ಈ ಮನೆ ಬಿಟ್ಟರೆ ಬೆಕ್ಕಿಗೆ ಹಾಲು ಹಾಕುವವರಿಲ್ಲ ಅಂತ ನೆವ ಹೇಳುತ್ತಿಲ್ಲ, ಬೆಕ್ಕು ಹೋದ ವರ್ಷವೇ ಸತ್ತಿತು. ನನಗೇ ಕಾಲು ಬರುತ್ತಿಲ್ಲ.

ಒಂದು ಮಾತು. ಕಾಗದಪತ್ರ ಆಯಿತೇ? ಇಷ್ಟು ಹಣ ಕೊಟ್ಟೆ, ಇಂಥ ದಿನ ವಾಪಸ್ ಕೊಡಬೇಕು ಅಂತ ಬರೆಸಿಕೊಂಡೆಯೋ ಇಲ್ಲವೋ? ನೀನು ಅದರ ಸುದ್ದಿಯನ್ನೇ ಎತ್ತಿಲ್ಲ. ಬೆಂಗಳೂರಿನವರ ಮಾತು ಬೆಣ್ಣೆ, ನೀನೋ ರೊಟ್ಟಿ ಕೈಯಲ್ಲಿ ಹಿಡಿದು ನಿಂತವಳು.

ಪ್ರೇಮಕ್ಕ


ಹಲಸೂರು
23 ಏಪ್ರಿಲ್ 2023

ಅಕ್ಕನಿಗೆ ಜೈಭೀಮ್.

ಒಂದು ಸುದ್ದಿ ಹೇಳಲೇಬೇಕು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ಇಲ್ಲಿ ಏಪ್ರಿಲ್ ಬಂತೆಂದರೆ ಎಲ್ಲರಿಗೂ ಮನೆ ತೆರಿಗೆಯದೇ ಜ್ವರ. ಮಾಲೀಕರೇ ವಾಸವಿದ್ದರೆ ಒಂದು ದರ, ಬಾಡಿಗೆಗೋ ಲೀಸಿಗೋ ಕೊಟ್ಟಿದ್ದರೆ ಅದರ ಎರಡರಷ್ಟು. ಬೀದಿಗೆ ತಕ್ಕ ಹಾಗೆ ದರವೂ ಬೇರೆ. ಹಲಸೂರಿನವರು ಕಟ್ಟುವುದು ಬೇರೆ, ಕೆ.ಆರ್. ಪುರದವರು ಕಟ್ಟುವುದು ಬೇರೆ. ಶ್ರೀರಾಮಪ್ಪನವರು ಮನೆಯೆಲ್ಲ ಸ್ವಂತ ವಾಸ ಅಂತಲೇ ಬರೆದು ಕಟ್ಟುತ್ತಾ ಬಂದಿದ್ದಾರೆ. ಮೊನ್ನೆ ಪಾಲಿಕೆಯಿಂದ ಒಬ್ಬರು ಪರಿಶೀಲನೆಗೆ ಬಂದರು. ನಾನು ಮೆಟ್ಟಿಲಿಳಿದು ಬರುತ್ತಿದ್ದೆ. ‘ಮೇಲ್ಗಡೆ ಯಾರಿದಾರೆ? ಈಯಮ್ಮ ಯಾರು?’ ಅಂದರು. ಶ್ರೀರಾಮಪ್ಪನವರು ತಡವರಿಸಿದರು. ಮುನಿಲಕ್ಷ್ಮಮ್ಮ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, ‘ಇವ್ಳು ನಮ್ಮನೆ ಮಗ್ಳು ಸ್ವಾಮಿ. ನಮ್ಮ ಮೈದುನನ ಮಗ್ಳು. ನಾವೇ ಸಾಕ್ಕೊಂಡಿದೀವಿ’ ಅಂದುಬಿಟ್ಟರು!

ಆತ ಬರೆದುಕೊಡಿ ಅಂದರು. ಮನೆಯವರ ಸಂಬಂಧಿ, ಬಾಡಿಗೆಯಿಲ್ಲದೆ ಇದ್ದೇನೆ ಅಂತ ಬರೆದು ರುಜು ಹಾಕಿದೆ.

ಸುಳ್ಳು ಅಂತ ನೀನು ಬೈಯುತ್ತೀ. ಆದರೆ ಯೋಚಿಸು ಅಕ್ಕಾ, ನಮ್ಮ ಹೆಸರು ಕೇಳಿ ಬಾಗಿಲು ಹಾಕಿಕೊಂಡವರ ಊರಿನಲ್ಲಿ ಒಬ್ಬ ತಾಯಿ ನನ್ನನ್ನು ತನ್ನ ರಕ್ತ ಅಂತ ಸರ್ಕಾರದವರ ಎದುರು ಹೇಳಿದಳು. ಹೋದ ಗೌರಿ ಹಬ್ಬಕ್ಕೆ ನನಗೂ ಬಾಗಿನ ಕೊಟ್ಟಿದ್ದರು. ಮೊರದ ಮೇಲೆ ಮೊರ ಮುಚ್ಚಿ, ಒಳಗೆ ಬಳೆ, ಬೆಲ್ಲ, ರವಿಕೆ ಕಣ. ನಮ್ಮಲ್ಲಿ ಆ ಪದ್ಧತಿ ಇಲ್ಲ ಅಂತ ಹೇಳಲು ಬಾಯಿ ಬರಲಿಲ್ಲ.

ಕಾಗದಪತ್ರ ಕೇಳಿದ್ದೆಯಲ್ಲ. ಅಗ್ರಿಮೆಂಟ್ ಮಾಡಿದರೆ, ಹಣ ಬ್ಯಾಂಕಿನಲ್ಲಿ ಹಾಕಿದರೆ, ಲೀಸು ಅಂತ ಗೊತ್ತಾಗಿ ತೆರಿಗೆ ಡಬಲ್ ಆಗುತ್ತದೆ. ಅದಕ್ಕೆ ಎಲ್ಲ ನಗದು ಕೊಟ್ಟೆ. ಮಗಳು ಅಂದವರ ಹತ್ತಿರ ಬರೆದುಕೊಡಿ ಅಂತ ಹ್ಯಾಗೆ ಕೇಳಲಿ?

ಗೌತಮಿ


ಶಹಾಬಾದ್
10 ಮೇ 2023

ಗೌತಮಿಗೆ.

ಓದಿದೆ. ಎರಡು ಸಲ ಓದಿದೆ.

ಅಂತೂ ನಿನಗೆ ತವರು ಸಿಕ್ಕಿತು. ಬಾಗಿನ ಕೊಡುವ ತವರು. ನಾನು ಕೊಟ್ಟದ್ದೇನು, ಮಣ್ಣು. ನೀನು ಹೆರಿಗೆಯಲ್ಲಿ ಸತ್ತ ಅವ್ವನ ಮಗಳಲ್ಲ, ಖಣಿಯ ಅಪ್ಪನ ಮಗಳಲ್ಲ, ಈಗ ಹಲಸೂರಿನ ಯಾರದೋ ಮೈದುನನ ಮಗಳು. ಒಳ್ಳೆಯದಾಯಿತವ್ವ. ಹನ್ನೆರಡನೇ ವಯಸ್ಸಿಗೆ ನಿನ್ನನ್ನು ಟೊಂಕದ ಮೇಲೆ ಕೂರಿಸಿಕೊಂಡು ನೀರಿಗೆ ಹೋಗುತ್ತಿದ್ದ ಹುಡುಗಿ ನಿನಗೆ ಏನಾಗಬೇಕು ಅಂತ ಆ ಸಾಹೇಬರು ಕೇಳಿದ್ದರೆ ಏನು ಬರೆದುಕೊಡುತ್ತಿದ್ದೆ?

ಇನ್ನೊಂದು ಕೇಳುತ್ತೇನೆ. ತೆರಿಗೆಯವನ ಮುಂದೆ ಮಗಳು. ನಾಳೆ ಅವರ ಮನೆ ಮದುವೆಯ ಪಂಕ್ತಿಯಲ್ಲಿ ‘ಬಾ, ನಮ್ಮ ಮಗ್ಳು ಇವ್ಳು’ ಅಂತ ಬೀಗರ ಪಕ್ಕ ಕೂರಿಸುತ್ತಾರೇನು? ಕೇಳಿ ನೋಡು.

ನಮ್ಮ ಊರಲ್ಲಿ ತೆರಿಗೆ ಇಷ್ಟೇ ಇಷ್ಟು. ಅದಕ್ಕಾಗಿ ಯಾರೂ ಯಾರನ್ನೂ ಮಗಳು ಅನ್ನುವುದಿಲ್ಲ.

ನಾನು ಬರುವುದಿಲ್ಲ. ಅಲ್ಲಿ ಅವರು ನನ್ನನ್ನು ಯಾರೆಂದು ಬರೆಸುತ್ತಾರೋ.

ಪ್ರೇಮಾ


ಹಲಸೂರು
2 ಮಾರ್ಚ್ 2025

ಅಕ್ಕಾ,

ಎರಡು ವರ್ಷ ಬುದ್ಧ ಪೂರ್ಣಿಮೆಗೊಂದು ಕಾರ್ಡು ಬಿಟ್ಟರೆ ನಾವು ಬರೆದುಕೊಂಡಿಲ್ಲ. ನಿನ್ನ ಸಿಟ್ಟು ನನಗೆ ಗೊತ್ತು, ಹಾಲಿನ ಹಾಗೆ ಉಕ್ಕುತ್ತದೆ, ಇಳಿಯಲು ಮಾತ್ರ ವರ್ಷ ಬೇಕು. ಇವತ್ತು ನಾನೇ ಸೋತು ಬರೆಯುತ್ತಿದ್ದೇನೆ.

ಜೂನಿಗೆ ಲೀಸು ಮುಗಿಯುತ್ತದೆ. ಶ್ರೀರಾಮಪ್ಪನವರು ಹದಿನೈದು ಲಕ್ಷ ಮಾಡಿದ್ದಾರೆ, ಅಂದರೆ ಇನ್ನೂ ಆರು. ‘ಬೇರೆಯವ್ರು ಹದಿನೆಂಟು ಕೊಡ್ತೀವಿ ಅಂತವ್ರೆ ಕಣಮ್ಮ. ನೀನು ಮನೆ ಮಗ್ಳು ಅಂತ ಹದಿನೈದು’ ಅಂದರು. ಮೋನಿಷಾಳ ಫ್ಲಾಟಿನ ಸಾಲ ಹತ್ತಿಕೊಂಡಿದೆಯಂತೆ, ಮಳೆಗಾಲಕ್ಕೊಮ್ಮೆ ಆ ಅಪಾರ್ಟ್‌ಮೆಂಟಿನೊಳಗೆ ನೀರು ನುಗ್ಗುತ್ತದೆ, ಮಾರೋಣವೆಂದರೆ ಕೊಳ್ಳುವವರಿಲ್ಲ. ಅವರಿಗೂ ಕಷ್ಟ.

ಬೇರೆ ಕಡೆ ಹುಡುಕಿದೆ. ದೊಮ್ಮಲೂರಿನಲ್ಲಿ ಕಿಟಕಿಯಿಲ್ಲದ ಒಂದು ರೂಮಿನ ಬಾಡಿಗೆ ನನ್ನ ಸಂಬಳದ ಮುಕ್ಕಾಲು. ಕೆ.ಆರ್. ಪುರದಲ್ಲಿ ಹೆಸರು ಕೇಳಿದರು. ಹೇಳಿದೆ. ಓನರ್ ಹೆಂಡತಿ ಒಳಗೆ ಹೋದವರು ಹೊರಗೆ ಬರಲೇ ಇಲ್ಲ, ನಾನು ಗೇಟಿನ ಹತ್ತಿರ ನಿಂತು ನಿಂತು ವಾಪಸ್ ಬಂದೆ. ಐವತ್ತು ಹತ್ತಿರ ಬಂತು ಅಕ್ಕಾ, ಇನ್ನು ಎಷ್ಟು ಬಾಗಿಲು ತಟ್ಟಲಿ?

ಕ್ಲಿನಿಕ್ಕಿನ ಗೆಳತಿ ಫಹ್ಮಿದಾ ಬೈಯುತ್ತಾಳೆ. ‘ಪೇಪರ್ ಇಲ್ಲ ಏನಿಲ್ಲ, ಮತ್ತೆ ಆರು ಲಕ್ಷ ಕೊಡ್ತೀಯಾ? ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ಈರಭದ್ರ ಆಗ್ತಾನೆ, ನೋಡ್ತಿರು’ ಅನ್ನುತ್ತಾಳೆ. ಅವಳಿಗೆ ಇವರ ಮನಸ್ಸು ಗೊತ್ತಿಲ್ಲ.

ನಿನ್ನನ್ನು ಕೇಳುತ್ತಿಲ್ಲ. ಸುಮ್ಮನೆ ಹೇಳಿಕೊಂಡೆ.

ಗೌತಮಿ


ಶಹಾಬಾದ್
6 ಏಪ್ರಿಲ್ 2025

ತಂಗಿ,

ಕೇಳುತ್ತಿಲ್ಲ ಅಂತ ಬರೆದವಳ ಪತ್ರದ ತುಂಬ ಕೇಳುವುದೇ ಇತ್ತು. ಹುಚ್ಚಿ.

ಆರು ಲಕ್ಷ ನಿನ್ನ ಖಾತೆಗೆ ಹಾಕಿಸಿದ್ದೇನೆ. ಎಲ್ಲಿಂದ ಬಂತು ಅಂತ ಕೇಳಬೇಡ. ವೀರಣ್ಣ ಕೊಟ್ಟ. ಎದುರುಮನೆಯ ವೀರಣ್ಣ, ಸಿಮೆಂಟ್ ಅಂಗಡಿ ಇಟ್ಟಿದ್ದಾನಲ್ಲ, ಅವನೇ. ಮನೆಯ ಚಿಂತೆ ಮಾಡಬೇಡ.

ಎರಡು ವರ್ಷ ನಾನು ಮಾತು ಬಿಟ್ಟದ್ದು ಹೊಟ್ಟೆಕಿಚ್ಚಿಗೆ. ಹೇಳಿಬಿಡುತ್ತೇನೆ, ಹಗುರಾಗುತ್ತದೆ. ಆ ಮುನಿಲಕ್ಷ್ಮಮ್ಮ ನಿನ್ನ ಹೆಗಲ ಮೇಲೆ ಕೈ ಹಾಕಿದ್ದು ಓದಿದಾಗ ನನ್ನ ಕೈ ಯಾರೋ ಕಡಿದಂತಾಗಿತ್ತು. ಈಗ ಅನ್ನಿಸುತ್ತದೆ, ದೂರದ ಊರಲ್ಲಿ ನನ್ನ ಕೂಸಿನ ತಲೆ ನೇವರಿಸುವವರು ಒಬ್ಬರಿದ್ದರೆ ಇರಲಿ. ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಅವರಿಗೆ ಶೇಂಗಾ ಹಿಂಡಿ ಕಳಿಸುತ್ತೇನೆ.

ಈ ಸಲ ಕಾಗದಪತ್ರದ ಮಾತು ಎತ್ತುವುದಿಲ್ಲ. ಎತ್ತಿದರೆ ಮತ್ತೆ ಜಗಳ. ಮಳೆಗಾಲ ಮುಗಿದ ಮೇಲೆ ಬರುತ್ತೇನೆ. ನಿಜವಾಗಿ ಬರುತ್ತೇನೆ. ಒಂದು ಟ್ರಂಕು, ಅಪ್ಪನ ಫೋಟೊ, ಅಷ್ಟೇ ತರುವುದು. ಕಿಟಕಿಯ ಹತ್ತಿರ ನನಗೆ ಜಾಗ ಬಿಡು.

ಪ್ರೇಮಕ್ಕ


ಹಲಸೂರು
19 ಅಕ್ಟೋಬರ್ 2025

ಅಕ್ಕಾ,

ಬರಬೇಡ. ಟಿಕೆಟ್ ತೆಗೆಸಿದ್ದರೆ ರದ್ದು ಮಾಡಿಸು.

ಶ್ರೀರಾಮಪ್ಪನವರು ಆಗಸ್ಟಿನಲ್ಲಿ ತೀರಿಕೊಂಡರು. ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದರು. ನಿನಗೆ ಬರೆಯಲಿಲ್ಲ, ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಕಾರ್ಯದ ದಿನ ಹೆಂಗಸರೆಲ್ಲ ಒಳಗೆ ಕೂತಿದ್ದರು. ನಾನು ಒಳಗೆ ಕಾಲಿಟ್ಟಾಗ ಮೋನಿಷಾ ಬಂದು ‘ಆಂಟಿ, ನೀವು ಹೊರಗಡೆ ಚೇರ್ ಮೇಲೆ ಕೂತ್ಕೊಳ್ಳಿ, ಪ್ಲೀಸ್’ ಅಂದಳು. ನೀನು ಬರೆದ ಪಂಕ್ತಿಯ ಮಾತು ನೆನಪಾಯಿತು.

ಈಗ ಮನೆ ಮಾರುತ್ತಿದ್ದಾರೆ. ಪಕ್ಕದ ಸೈಟೂ ಸೇರಿಸಿ ಯಾರೋ ಬಿಲ್ಡರ್ ಕೊಳ್ಳುತ್ತಾನೆ. ಡಿಸೆಂಬರ್ ಕೊನೆಗೆ ಖಾಲಿ ಮಾಡಬೇಕಂತೆ. ‘ಸರಿಯಮ್ಮ, ನನ್ನ ಹದಿನೈದು ಲಕ್ಷ ಕೊಟ್ಟುಬಿಡಿ’ ಅಂದೆ. ಮೋನಿಷಾ ನನ್ನ ಮುಖವನ್ನೇ ನೋಡಿದಳು. ‘ಯಾವ ಹದಿನೈದು ಲಕ್ಷ ಆಂಟಿ? ನೀವು ರಿಲೇಟಿವ್, ರೆಂಟ್ ಇಲ್ದೆ ಇದೀರ ಅಂತ ನೀವೇ ಬರ್ಕೊಟ್ಟಿದೀರಲ್ಲ. ಅಪ್ಪ ಪಾಪ, ಮೂರು ವರ್ಷ ನಿಮ್ಮನ್ನ ಫ್ರೀಯಾಗಿ ಇಟ್ಕೊಂಡ್ರು’ ಅಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ ಅಕ್ಕಾ, ಅದೇ ನನಗೆ ಭಯ. ಅವಳ ಸಾಲಕ್ಕೆ ಕೊಟ್ಟ ಹಣ ಎಲ್ಲಿಂದ ಬಂತೆಂದು ಶ್ರೀರಾಮಪ್ಪನವರು ಅವಳಿಗೆ ಹೇಳೇ ಇಲ್ಲ.

ವಕೀಲರನ್ನು ಕಂಡೆ. ಕಾಗದ ಇಲ್ಲ, ಸಾಕ್ಷಿ ಇಲ್ಲ, ಎರಡು ಸಲವೂ ಕೊಟ್ಟದ್ದು ನಗದು, ಮೇಲೆ ನನ್ನದೇ ರುಜು. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಓಡಾಡಬೇಕು, ಗೆಲ್ಲುತ್ತೀರೆಂದು ಹೇಳಲಾರೆ ಅಂದರು. ‘ಯಾಕ್ರೀ ಇಂಥದ್ದು ಬರ್ಕೊಟ್ರಿ?’ ಅಂತ ಕೇಳಿದರು. ಒಬ್ಬರು ನನ್ನನ್ನು ಮಗಳು ಅಂದರು, ಅದಕ್ಕೆ, ಅಂತ ವಕೀಲರಿಗೆ ಹೇಳಲು ನಾಚಿಕೆಯಾಯಿತು.

ವೀರಣ್ಣನ ಸಾಲ ನಾನು ತೀರಿಸುತ್ತೇನೆ. ಹೇಗೆ ಅಂತ ಮಾತ್ರ ಕೇಳಬೇಡ.

ಗೌತಮಿ


ಶಹಾಬಾದ್
4 ನವೆಂಬರ್ 2025

ತಂಗಿ,

ಅಳುವುದನ್ನು ನಿಲ್ಲಿಸು. ಕೇಳು.

ಹಣ ಕೊಡುವಾಗ ಮುನಿಲಕ್ಷ್ಮಮ್ಮ ಎದುರಿಗಿದ್ದರು ತಾನೆ? ಎಣಿಸಿಕೊಂಡು ಬೀರುವಿನಲ್ಲಿ ಇಟ್ಟವರು ಅವರೇ ಇರಬೇಕು. ಗಂಡಸರು ಎಲ್ಲಿ ಎಣಿಸುತ್ತಾರೆ? ಆಕೆ ದೇವರು ದಿಂಡರು ಅನ್ನುವವರು. ಮಗಳ ಎದುರು ಬೇಡ, ಬೀದಿಯ ಹಿರಿಯರನ್ನು ಕೂರಿಸಿ ಕೇಳಿಸು. ನಾಲ್ಕು ಜನರ ನಡುವೆ ಕೂತು ಗಂಡ ಸತ್ತ ಹೆಂಗಸು ಸುಳ್ಳು ಹೇಳುವುದಿಲ್ಲ. ಒಂದು ಮಾತು ಸಾಕು, ‘ಹೌದು, ಈಕೆ ಕೊಟ್ಟಾಳ’ ಅಂತ. ಅಷ್ಟಾದರೆ ಮೋನಿಷಾ ಕೊಡದೆ ಎಲ್ಲಿ ಹೋಗುತ್ತಾಳೆ?

ಎರಡು ವರ್ಷ ಆಕೆಯ ಮೇಲೆ ಹೊಟ್ಟೆ ಉರಿದುಕೊಂಡವಳು ನಾನು. ಈಗ ಆಕೆಯನ್ನೇ ನಂಬು ಅನ್ನುತ್ತಿದ್ದೇನೆ. ನನಗೇ ನಗು ಬರುತ್ತದೆ.

ಇಲ್ಲಿ ಚಳಿ ಬಿದ್ದಿದೆ. ನಾನು ಈಗ ಹಿಂದಿನ ಖೋಲಿಯಲ್ಲೇ ಮಲಗುತ್ತೇನೆ, ಬೆಚ್ಚಗಿರುತ್ತದೆ.

ಪ್ರೇಮಕ್ಕ


ಶಿವಾಜಿನಗರ
11 ಜನವರಿ 2026

ಅಕ್ಕಾ,

ವಿಳಾಸ ನೋಡಿದರೇ ನಿನಗೆ ಗೊತ್ತಾಗಿರುತ್ತದೆ. ರಸೆಲ್ ಮಾರುಕಟ್ಟೆಯ ಹಿಂದೆ ಫಹ್ಮಿದಾಳ ಮನೆಯಲ್ಲಿದ್ದೇನೆ. ಅವಳದೂ ಬಾಡಿಗೆ ಮನೆ, ಐದು ಜನ ಇದ್ದಾರೆ, ನಾನು ಆರನೆಯವಳು. ಅವಳ ಓನರ್ ಈಗಾಗಲೇ ‘ಯೇ ಕೌನ್?’ ಅಂತ ಕೇಳಿಯಾಗಿದೆ.

ನೀನು ಹೇಳಿದಂತೆ ಮಾಡಿದೆ. ಬೀದಿಯ ಹಿರಿಯರು ಚಿಕ್ಕವೆಂಕಟಪ್ಪನವರು, ಶ್ರೀರಾಮಪ್ಪನವರ ಬಾಲ್ಯದ ಗೆಳೆಯರು, ಒಪ್ಪಿ ಬಂದರು. ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಮೋನಿಷಾ ಬಾಗಿಲಿಗೆ ಒರಗಿ ನಿಂತಿದ್ದಳು. ಚಿಕ್ಕವೆಂಕಟಪ್ಪನವರು ಕೇಳಿದರು, ‘ಮುನಿಲಕ್ಷ್ಮಮ್ಮ, ಈಯಮ್ಮ ನಿಮ್ಗೆ ದುಡ್ಡು ಕೊಟ್ಟೈತಾ, ಇಲ್ವಾ? ನಿನ್ನ ಗಂಡ ಮೇಲೆ ಕೇಳಿಸ್ಕೊಂತವ್ನೆ. ಇದ್ದಿದ್ದು ಇದ್ದಂಗೆ ಹೇಳು.’

ಅವರು ನನ್ನನ್ನು ನೋಡಿದರು. ಆಮೇಲೆ ಮಗಳ ಕಡೆ ನೋಡಿದರು. ‘ಬಾಮ್ಮ ಇಲ್ಲಿ’ ಅಂತ ನನ್ನನ್ನು ಪಕ್ಕಕ್ಕೆ ಎಳೆದುಕೊಂಡು ಹೆಗಲ ಮೇಲೆ ಕೈ ಹಾಕಿದರು, ಅವತ್ತು ಹಾಕಿದ ಹಾಗೆಯೇ. ‘ಇವ್ಳು ನಮ್ಮನೆ ಮಗ್ಳು ಕಣಣ್ಣಾ’ ಅಂದರು. ‘ಮಗ್ಳತ್ರ ಯಾರಾದ್ರೂ ದುಡ್ಡು ಇಸ್ಕೊಂತಾರಾ?’ ಅಂದು ಗೊಳೋ ಅಂತ ಅತ್ತರು.

ಚಿಕ್ಕವೆಂಕಟಪ್ಪನವರು ಕಣ್ಣೊರೆಸಿಕೊಂಡರು. ‘ನೋಡಮ್ಮ, ಇಂಥ ತಾಯಿ ಮೇಲೆ ಹಿಂಗ್ ಹೇಳ್ಬಹುದಾ ನೀನು?’ ಅಂದರು. ಮೋನಿಷಾ ಹಿಂದಿನಿಂದ ‘ಮಗಳಾದ್ರೆ ಮನೇಲಿ ಭಾಗ ಕೇಳ್ತೀರೇನೋ ಈಗ?’ ಅಂದಳು.

ನನಗೆ ಈಗಲೂ ಗೊತ್ತಾಗುತ್ತಿಲ್ಲ ಅಕ್ಕಾ. ಅವರು ಮಗಳಿಗೆ ಹೆದರಿ ಹೇಳಿದರೋ, ನಿಜವಾಗಿ ಮರೆತರೋ, ಪ್ರೀತಿಯಿಂದಲೇ ಹೇಳಿದರೋ. ಆ ಕೈ ಬೆಚ್ಚಗಿತ್ತು. ಅದನ್ನು ತೆಗೆದು ಹಾಕಿ ‘ನಾನು ಇವರ ಮಗಳಲ್ಲ’ ಅನ್ನಲು ನನ್ನಿಂದ ಆಗಲಿಲ್ಲ. ಹದಿನೈದು ಲಕ್ಷ ಹೋಗುತ್ತಿದ್ದಾಗ ನಾನು ಇನ್ನೊಂದು ಸ್ವಲ್ಪ ಹೊತ್ತು ಆ ಕೈ ಅಲ್ಲೇ ಇರಲಿ ಅಂದುಕೊಂಡೆ. ಇಷ್ಟು ಬಡವಳಾಗಿದ್ದೆ ನಾನು.

ಸಾಕಾಯಿತು ಈ ಊರು. ಕೆಲಸ ಬಿಡುತ್ತೇನೆ. ಶಹಾಬಾದಿಗೆ ಬರುತ್ತೇನೆ ಅಕ್ಕಾ, ನಮ್ಮ ಮನೆಗೆ. ನಾಲ್ಕು ಖೋಲಿ, ಫರಸಿ ನೆಲ, ಹೆಸರು ಕೇಳುವವರಿಲ್ಲ. ಅದೊಂದಾದರೂ ನಮಗೆ ಉಳಿದಿದೆಯಲ್ಲ. ಯಾವತ್ತು ಹೊರಡಲಿ, ಬರಿ.

ಗೌತಮಿ


ಶಹಾಬಾದ್
1 ಫೆಬ್ರವರಿ 2026

ನನ್ನ ಕೂಸೇ,

ಬಾ ಅಂತ ಬರೆಯಲು ಕೂತವಳು ಪೆನ್ನು ಹಿಡಿದುಕೊಂಡೇ ಇದ್ದೇನೆ.

ಮನೆ ಇಲ್ಲ ಗೌತಮಿ. ವೀರಣ್ಣ ಸಾಲ ಕೊಡಲಿಲ್ಲ, ಮನೆ ಕೊಂಡ. ಹೇಗಿದ್ದರೂ ನಿನ್ನ ಹತ್ತಿರ ಬರುವವಳು ಅಂತ ಕೊಟ್ಟುಬಿಟ್ಟೆ. ಹೋದ ಏಪ್ರಿಲಿನಿಂದ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೇನೆ. ನಾಲ್ಕು ಖೋಲಿಯ ನಮ್ಮ ಮನೆಯ ಬೆಲೆ ಹಲಸೂರಿಗೆ ನಿನಗೆ ಕಳಿಸಿದ ಆ ಆರು ಲಕ್ಷ, ಮೇಲೆ ನನ್ನ ಔಷಧಕ್ಕೆ ಒಂದಿಷ್ಟು. ಆ ಒಂದಿಷ್ಟೂ ಮುಗಿಯಿತು.

ನಿನ್ನ ಪತ್ರ ಬಂದ ದಿನವೇ ವೀರಣ್ಣನ ಬ್ಯಾಂಕಿನವರು ಬಂದರು. ಅವನು ಸ್ವಂತ ವಾಸಕ್ಕೆ ಅಂತ ಸಾಲ ತೆಗೆದು ಈ ಮನೆ ಕೊಂಡಿದ್ದಾನೆ, ಬಾಡಿಗೆಯವರು ಇರುವಂತಿಲ್ಲವಂತೆ. ಅವರು ನನ್ನನ್ನು ತೋರಿಸಿ ಏನೋ ಕೇಳಿದರು. ನನಗೆ ಕಿವಿ ಕೇಳದಿದ್ದರೂ ತುಟಿ ಓದಲು ಬರುತ್ತದೆ. ವೀರಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ. ‘ಇವ್ರು ನಮ್ಮ ದೊಡ್ಡವ್ವ ರೀ’ ಅಂದ. ನಿನ್ನ ಪತ್ರ ಇನ್ನೂ ನನ್ನ ಸೆರಗಿನಲ್ಲಿತ್ತು.

ಸುಮ್ಮನಿದ್ದರೆ ಆಗುತ್ತಿತ್ತು. ಅವನೇನೂ ಕೆಟ್ಟವನಲ್ಲ. ಆದರೆ ಆ ಕೈ ನನಗೆ ಸುಟ್ಟಂತಾಯಿತು. ಅದನ್ನು ತೆಗೆದುಹಾಕಿ, ‘ನಾ ಇವನ ದೊಡ್ಡವ್ವ ಅಲ್ರೀ. ಬಾಡಿಗಿ ಕೊಟ್ಟು ಇದ್ದೀನಿ. ನನ್ನ ರಕ್ತದಾಕಿ ಒಬ್ಬಾಕಿನ ಇದ್ದಾಳ, ಬೆಂಗಳೂರಾಗ ಇದ್ದಾಳ, ಗೌತಮಿ ಅಂತ ಆಕಿ ಹೆಸರು’ ಅಂದೆ. ಗಟ್ಟಿಯಾಗಿ ಅಂದಿರಬೇಕು. ಓಣಿಯವರೆಲ್ಲ ಹೊರಗೆ ಬಂದರು.

ಯುಗಾದಿಯೊಳಗೆ ಖೋಲಿ ಬಿಡಬೇಕು ಅಂತ ವೀರಣ್ಣ ಹೇಳಿಕಳಿಸಿದ್ದಾನೆ. ಅವನದೇನು ತಪ್ಪು? ಎಲ್ಲಿಗೆ ಹೋಗುತ್ತೇನೆ ಅಂತ ನನಗೂ ಗೊತ್ತಿಲ್ಲ. ನಾನು ಮಾಡಿದ್ದು ಮೂರ್ಖತನ ಅಂತ ನೀನು ಬೈದರೂ ಸರಿ. ನಿನ್ನ ಕೈಲಾಗದ ಮಾತು ಒಂದನ್ನು ನಾನು ಆಡಿಬಿಟ್ಟೆ, ಅಷ್ಟೇ. ಅದರಿಂದ ನಿನಗೇನೂ ದಕ್ಕಲಿಲ್ಲ, ನನಗೂ ಇಲ್ಲ.

ಈ ಪತ್ರಕ್ಕೆ ಉತ್ತರ ಬರೆಯಬೇಡ. ನೀನು ಬರೆದದ್ದು ಬರುವಷ್ಟರಲ್ಲಿ ನಾನು ಇಲ್ಲಿ ಇರುತ್ತೇನೋ ಇಲ್ಲವೋ. ನೀನೂ ಫಹ್ಮಿದಾಳ ಮನೆಯಲ್ಲಿ ಎಷ್ಟು ದಿನ? ಮೊಬೈಲು ನನ್ನ ಹತ್ತಿರ ಇದೆ, ಅದೊಂದೇ ಈಗ ನನ್ನ ವಿಳಾಸ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನ್ ಮಾಡು. ನನಗೇನೂ ಕೇಳುವುದಿಲ್ಲ. ಆದರೂ ಮಾತಾಡು, ನಾನು ಕಿವಿಗೆ ಹಿಡಿದುಕೊಂಡು ನಿಂತಿರುತ್ತೇನೆ.

ನಿನ್ನ ಅಕ್ಕ
ಪ್ರೇಮಾ